ಹಾರ್ಡ್ ಕೇಸ್ ಇದ್ದರೆ ಗಿಟಾರ್ ಮುರಿಯುವುದೇ ಇಲ್ಲವೇ? ಬ್ಯಾಗ್ ಸಾಕಾಗುವುದು ಯಾವಾಗ?

ಜನ ನಂಬಿರುವುದು: ಹಾರ್ಡ್ ಕೇಸ್‌ನಲ್ಲಿಟ್ಟರೆ ಗಿಟಾರ್‌ಗೆ ಏನೂ ಆಗುವುದಿಲ್ಲ. ಬ್ಯಾಗ್‌ನಲ್ಲಿಟ್ಟರೆ ಇವತ್ತಲ್ಲ ನಾಳೆ ಮುರಿಯುತ್ತದೆ.

ವಾಸ್ತವ: ಇದು ಅರ್ಧ ಸತ್ಯ. ಮೇಲೆ ಬೀಳುವ ಭಾರವನ್ನು ತಡೆಯುವುದರಲ್ಲಿ ಹಾರ್ಡ್ ಕೇಸ್ ಮುಂದು. ಆದರೆ ಕೆಳಗೆ ಬಿದ್ದಾಗ ಆಗುವ ಪೆಟ್ಟಿನಿಂದ ಉಳಿಸುವುದು ಒಳಗಿನ ಮೆತ್ತೆ ಮತ್ತು ಸರಿಯಾದ ಅಳತೆ, ಹೊರಗಿನ ಗಟ್ಟಿತನವಲ್ಲ. ಕಾರಿನ ಬಿಸಿಯ ಮುಂದೆ ಎರಡೂ ಸೋಲುತ್ತವೆ.

ಕಳೆದ ವರ್ಷ ನನ್ನ ಚಿಕ್ಕಮ್ಮನ ಮಗ ಡಿಗ್ರಿ ಓದಲು ದಾವಣಗೆರೆಯಿಂದ ಬೆಂಗಳೂರಿಗೆ ಹೊರಟ. ಜೊತೆಗೆ ಅವನ ಗಿಟಾರ್. ಎರಡು ವರ್ಷ ಹಬ್ಬಕ್ಕೆ, ಹುಟ್ಟುಹಬ್ಬಕ್ಕೆ ಸಿಕ್ಕ ದುಡ್ಡು ಕೂಡಿಟ್ಟು, ಉಳಿದದ್ದನ್ನು ಚಿಕ್ಕಮ್ಮನನ್ನು ಕಾಡಿ ಪಡೆದು ಕೊಂಡ ಗಿಟಾರ್ ಅದು. ಹೊರಡುವ ವಾರ ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಯಾರೋ ಒಂದು ಸಂದೇಶ ಹಾಕಿದರು: ಗಿಟಾರ್ ಸಾಗಿಸುವುದಾದರೆ ಹಾರ್ಡ್ ಕೇಸೇ ಬೇಕು, ಬ್ಯಾಗ್‌ನಲ್ಲಿಟ್ಟರೆ ಮುರಿಯುವುದು ಗ್ಯಾರಂಟಿ. ಚಿಕ್ಕಪ್ಪ ಅದನ್ನು ಓದಿ, ಅವನ ಸೀನಿಯರ್ ಒಬ್ಬನ ಹತ್ತಿರ ಇದ್ದ ಹಳೆಯ ಹಾರ್ಡ್ ಕೇಸ್ ಕೊಡಿಸಿದರು.

ಬಸ್ ನಿಲ್ದಾಣದಲ್ಲಿ ಕೇಸನ್ನು ಕಂಬಕ್ಕೆ ಒರಗಿಸಿ ನಿಲ್ಲಿಸಿ, ಇವನು ಟೀ ಕುಡಿಯುತ್ತಿದ್ದ. ಯಾರದೋ ಬ್ಯಾಗ್ ತಾಗಿ ಕೇಸ್ ಬೆನ್ನಡಿಯಾಗಿ ನೆಲಕ್ಕೆ ಬಿತ್ತು. ಎತ್ತಿ ನೋಡಿದ, ಗೀರೂ ಬಿದ್ದಿರಲಿಲ್ಲ. ನೆಮ್ಮದಿಯಿಂದ ಬಸ್ ಹತ್ತಿದ. ಬೆಳಿಗ್ಗೆ ಪಿ.ಜಿ. ತಲುಪಿ ತೆರೆದವನೇ ನನಗೆ ಫೋನ್ ಮಾಡಿದ. "ಅಕ್ಕಾ, ಕೇಸ್‌ಗೆ ಏನೂ ಆಗಿಲ್ಲ. ಒಳಗೆ ಗಿಟಾರ್ ಕತ್ತು ಮುರ್ದಿದೆ."

ಹೊರಗಿನ ಡಬ್ಬಿ ಭದ್ರವಾಗಿದ್ದೂ ಒಳಗಿನ ಗಿಟಾರ್ ಮುರಿದದ್ದು ಹೇಗೆ? ಇದಕ್ಕೆ ಉತ್ತರ ಗೊತ್ತಾದರೆ, ಬ್ಯಾಗ್ ಬೇಕೋ ಹಾರ್ಡ್ ಕೇಸ್ ಬೇಕೋ ಎಂಬ ಪ್ರಶ್ನೆಗೆ ಅಂಗಡಿಯವರನ್ನಾಗಲಿ ಫಾರ್ವರ್ಡ್ ಸಂದೇಶವನ್ನಾಗಲಿ ನಂಬಿಕೊಳ್ಳಬೇಕಿಲ್ಲ. ನಾವೇ ನಿರ್ಧರಿಸಬಹುದು.

ಸ್ಟೀಲ್ ಡಬ್ಬಿಯಲ್ಲಿ ಮೊಟ್ಟೆ

ಒಂದು ಸ್ಟೀಲ್ ಡಬ್ಬಿಯಲ್ಲಿ ಹಸಿ ಮೊಟ್ಟೆ ಇಟ್ಟು ಮುಚ್ಚಳ ಹಾಕಿ ಮೇಜಿನ ಮೇಲಿಂದ ಬೀಳಿಸಿದರೆ ಏನಾಗುತ್ತದೆ? ಡಬ್ಬಿಗೆ ಏನೂ ಆಗದು, ಮೊಟ್ಟೆ ಒಡೆಯುತ್ತದೆ. ಡಬ್ಬಿ ನೆಲಕ್ಕೆ ತಾಗಿದ ಕ್ಷಣದಲ್ಲೇ ನಿಂತುಬಿಟ್ಟಿತು. ಆದರೆ ಒಳಗಿನ ಮೊಟ್ಟೆ ಅದೇ ವೇಗದಲ್ಲಿ ಇನ್ನೂ ಕೆಳಗೆ ಹೋಗುತ್ತಿತ್ತು. ಶಾಲೆಯಲ್ಲಿ ಓದಿದ ಜಡತ್ವ ಇದೇ. ಬಸ್ ಬ್ರೇಕ್ ಹಾಕಿದಾಗ ನಾವು ಮುಂದಕ್ಕೆ ಮುಗ್ಗರಿಸುವುದೂ ಇದರಿಂದಲೇ.

ಪೆಟ್ಟು ಎಷ್ಟು ಜೋರು ಎನ್ನುವುದು, ಬೀಳುವ ವಸ್ತು ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂಬುದರ ಮೇಲೆ ನಿಂತಿದೆ. ಲೆಕ್ಕ ಸುಲಭ. ಬಿದ್ದ ಎತ್ತರವನ್ನು, ನಿಲ್ಲಲು ಸಿಕ್ಕ ದೂರದಿಂದ ಭಾಗಿಸಿ. ಗಿಟಾರ್ 1 ಮೀಟರ್ ಎತ್ತರದಿಂದ ಬಿದ್ದು 5 ಮಿಲಿಮೀಟರ್‌ನೊಳಗೆ ನಿಂತರೆ, ಅದರ ಮೇಲೆ ಸರಾಸರಿ ಅದರ ತೂಕದ ಸುಮಾರು 200 ಪಟ್ಟು ಬಲ ಬೀಳುತ್ತದೆ. ಅದೇ ಗಿಟಾರ್ 25 ಮಿಲಿಮೀಟರ್ ದಪ್ಪದ ಮೆತ್ತೆಯನ್ನು ಅದುಮುತ್ತಾ ನಿಧಾನವಾಗಿ ನಿಂತರೆ ಸುಮಾರು 40 ಪಟ್ಟು. ಐದರಲ್ಲಿ ಒಂದು ಭಾಗ. ಮೆತ್ತೆ ಪೂರ್ತಿ ಅದುಮಿಕೊಳ್ಳುವುದಿಲ್ಲವಾದ್ದರಿಂದ ನಿಜದಲ್ಲಿ ಲಾಭ ಇಷ್ಟೇ ಇರಲಿಕ್ಕಿಲ್ಲ. ಆದರೆ ದಿಕ್ಕು ಇದೇ. ಕ್ರಿಕೆಟ್‌ನಲ್ಲಿ ಕ್ಯಾಚ್ ಹಿಡಿಯುವವರು ಕೈಯನ್ನು ಹಿಂದಕ್ಕೆ ಎಳೆದುಕೊಳ್ಳುವುದು ಇದೇ ಕಾರಣಕ್ಕೆ.

ನಿಮ್ಮ ಬೈಕ್ ಹೆಲ್ಮೆಟ್ ಒಮ್ಮೆ ನೋಡಿ. ಹೊರಗೆ ಗಟ್ಟಿ ಚಿಪ್ಪು, ಒಳಗೆ ದಪ್ಪ ಥರ್ಮೋಕೋಲ್‌ನಂಥ ಪದರ, ಗಲ್ಲದ ಕೆಳಗೆ ಪಟ್ಟಿ. ಚಿಪ್ಪು ಚೂಪಾದ ವಸ್ತು ಒಳನುಗ್ಗದಂತೆ ತಡೆಯುತ್ತದೆ, ಪೆಟ್ಟನ್ನು ಹರಡುತ್ತದೆ. ಆ ಪೆಟ್ಟನ್ನು ನುಂಗುವುದು ಒಳಗಿನ ಪದರ. ಪಟ್ಟಿ ಹಾಕದಿದ್ದರೆ ಇವೆರಡೂ ವ್ಯರ್ಥ. ಗಿಟಾರ್‌ಗೂ ಈ ಮೂರೂ ಬೇಕು: ಚಿಪ್ಪು, ಮೆತ್ತೆ, ಅಲುಗಾಡದ ಹಿಡಿತ. ಅಗ್ಗದ ಹಾರ್ಡ್ ಕೇಸ್‌ನಲ್ಲಿ ಮೊದಲನೆಯದು ಮಾತ್ರ ಇರಬಹುದು. ಒಳ್ಳೆಯ ಬ್ಯಾಗ್‌ನಲ್ಲಿ ಎರಡನೆಯದೂ ಮೂರನೆಯದೂ ಇರುತ್ತವೆ.

ಕತ್ತೇ ಯಾಕೆ ಮುರಿಯುತ್ತದೆ?

ಬಿದ್ದ ಗಿಟಾರ್‌ಗಳಲ್ಲಿ ಹೆಚ್ಚಾಗಿ ಮುರಿಯುವ ಜಾಗ ಒಂದೇ. ನೆಕ್ ಮುಗಿದು, ಕೀಗಳಿರುವ ಹೆಡ್‌ಸ್ಟಾಕ್ ಶುರುವಾಗುವ ಕಡೆ. ಇದಕ್ಕೆ ಕಾರಣಗಳಿವೆ.

ಒಂದು, ಅಲ್ಲಿ ಮರ ತೆಳು. ಎರಡು, ಬಹಳಷ್ಟು ಗಿಟಾರ್‌ಗಳಲ್ಲಿ ಹೆಡ್‌ಸ್ಟಾಕ್ ಹಿಂದಕ್ಕೆ ಬಾಗಿರುತ್ತದೆ. ಒಂದೇ ಮರದ ತುಂಡಿನಿಂದ ಹೀಗೆ ಕೆತ್ತಿದಾಗ, ಉದ್ದಕ್ಕೂ ಸಾಗುವ ಮರದ ಎಳೆಗಳು ಆ ಬಾಗಿನಲ್ಲಿ ತುಂಡಾಗಿ ನಿಲ್ಲುತ್ತವೆ. ಸೌದೆ ಸೀಳುವಾಗ ಎಳೆಯ ದಿಕ್ಕಿನಲ್ಲಿ ಅದು ಎಷ್ಟು ಸುಲಭವಾಗಿ ಬಿಡುತ್ತದೆಂದು ನೋಡಿದವರಿಗೆ ಇದು ಅರ್ಥವಾಗುತ್ತದೆ. ಮೂರು, ತಂತಿಗಳ ಎಳೆತ. ಉಕ್ಕಿನ ತಂತಿಯ ಅಕೌಸ್ಟಿಕ್ ಗಿಟಾರ್‌ನಲ್ಲಿ ಶ್ರುತಿ ಮಾಡಿದ ಆರು ತಂತಿಗಳ ಒಟ್ಟು ಎಳೆತ ಸುಮಾರು 70 ಕೆ.ಜಿ. ತೂಕಕ್ಕೆ ಸಮ. ಒಬ್ಬ ದೊಡ್ಡ ಮನುಷ್ಯ ಹಗಲೂ ರಾತ್ರಿ ಅದಕ್ಕೆ ಜೋತುಬಿದ್ದ ಹಾಗೆ. ನೈಲಾನ್ ತಂತಿಯ ಕ್ಲಾಸಿಕಲ್ ಗಿಟಾರ್‌ನಲ್ಲಿ ಇದು ಸುಮಾರು 40 ಕೆ.ಜಿ. ಆಸುಪಾಸು.

ಈಗ ಬಸ್ ನಿಲ್ದಾಣಕ್ಕೆ ಹಿಂದಿರುಗೋಣ. ಆ ಕೇಸ್ ದೊಡ್ಡ ಬಾಡಿಯ ಗಿಟಾರ್‌ಗೆ ಮಾಡಿದ್ದು. ತಮ್ಮನದು ಅದಕ್ಕಿಂತ ಸಣ್ಣದು. ಹಾಗಾಗಿ ಕೇಸ್ ಒಳಗೆ ನೆಕ್‌ಗೆ ಆಸರೆ ಕೊಡುವ ದಿಂಬು ಸರಿಯಾದ ಜಾಗಕ್ಕೆ ಬರುತ್ತಿರಲಿಲ್ಲ. ಕೇಸ್ ಬೆನ್ನಡಿಯಾಗಿ ಬಿದ್ದಾಗ, ಹಿಂದಕ್ಕೆ ಬಾಗಿದ ಹೆಡ್‌ಸ್ಟಾಕ್‌ನ ತುದಿಯೇ ಮೊದಲು ಕೇಸ್‌ನ ತಳಕ್ಕೆ ಬಡಿದಿದೆ. ತಳ ಅದನ್ನು ಮುಂದಕ್ಕೆ ತಳ್ಳಿದೆ. ತಂತಿಗಳೂ ಅದೇ ದಿಕ್ಕಿಗೆ ಎಳೆಯುತ್ತಿದ್ದವು. ರಿಪೇರಿ ಮಾಡುವವರು ಮುರಿದ ಜಾಗ ನೋಡಿ, ಕೇಸ್ ಒಳಗೆ ಕೈಯಿಟ್ಟು ಅಳತೆ ನೋಡಿ ನಮಗೆ ವಿವರಿಸಿದ್ದು ಇಷ್ಟೇ.

ಇನ್ನೊಂದು ಮಾತು. ನಿಲ್ಲಿಸಿದ ಕೇಸ್ ಉರುಳಿದರೆ "ಎಲ್ಲಿಂದಲೂ ಬಿದ್ದಿಲ್ಲ, ಸುಮ್ಮನೆ ಮಗುಚಿತು" ಎನ್ನುತ್ತೇವೆ. ಆದರೆ ಬುಡ ನೆಲದಲ್ಲೇ ಇದ್ದು ಉರುಳುವ ಕೋಲಿನ ತುದಿ, ಅಷ್ಟೇ ಎತ್ತರದಿಂದ ನೇರವಾಗಿ ಬಿದ್ದ ಕಲ್ಲಿಗಿಂತ ಜೋರಾಗಿ ನೆಲಕ್ಕೆ ಬಡಿಯುತ್ತದೆ. 1 ಮೀಟರ್ ಎತ್ತರದಿಂದ ಬಿದ್ದ ಕಲ್ಲು ಗಂಟೆಗೆ ಸುಮಾರು 16 ಕಿ.ಮೀ. ವೇಗದಲ್ಲಿ ನೆಲ ಮುಟ್ಟುತ್ತದೆ. 1 ಮೀಟರ್ ಉದ್ದದ, ಒಂದೇ ಸಮನಾದ ಕೋಲು ಉರುಳಿದರೆ ಅದರ ತುದಿಯ ವೇಗ 19 ಕಿ.ಮೀ. ದಾಟುತ್ತದೆ. ಗಿಟಾರ್ ಕೇಸ್‌ನಲ್ಲಿ ಆ ತುದಿಯಲ್ಲಿರುವುದು ಹೆಡ್‌ಸ್ಟಾಕ್. ಆದ್ದರಿಂದ ಬ್ಯಾಗ್ ಆಗಲಿ ಕೇಸ್ ಆಗಲಿ, ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ಪಕ್ಕಕ್ಕೆ ಮಲಗಿಸಿ. ಇದಕ್ಕೆ ಒಂದು ಪೈಸೆ ಖರ್ಚಿಲ್ಲ.

ಗಿಟಾರ್‌ಗೆ ನಾಲ್ಕು ಶತ್ರುಗಳು

ಯಾವುದನ್ನು ಕೊಳ್ಳಬೇಕು ಎಂದು ಕೇಳುವ ಮೊದಲು, ಯಾವುದರಿಂದ ಕಾಪಾಡಬೇಕು ಎಂದು ಕೇಳಿಕೊಳ್ಳಬೇಕು.

1. ಪೆಟ್ಟು. ಬೀಳುವುದು, ಬಾಗಿಲಿಗೆ ತಾಗುವುದು, ಹಂಪ್ ಮೇಲೆ ಎಗರುವುದು. ಇಲ್ಲಿ 20ರಿಂದ 25 ಮಿಲಿಮೀಟರ್ ದಪ್ಪದ ಒಳ್ಳೆಯ ಫೋಮ್ ಇರುವ ಬ್ಯಾಗ್, ಅಳತೆಗೆ ಸರಿಯಾದ ಹಾರ್ಡ್ ಕೇಸ್‌ಗೆ ಹತ್ತಿರ ಬರುತ್ತದೆ. ಅಳತೆ ತಪ್ಪಿದ ಹಾರ್ಡ್ ಕೇಸ್‌ಗಿಂತ ಇದೇ ಮೇಲು. ಆದರೆ ಗಿಟಾರ್ ಜೊತೆ ಪುಕ್ಕಟೆ ಸಿಗುವ ತೆಳು ಕವರ್ ಈ ಲೆಕ್ಕಕ್ಕೆ ಬರುವುದೇ ಇಲ್ಲ. ಅದು ಧೂಳು ತಡೆಯಲು ಇರುವ ಬಟ್ಟೆ, ಅಷ್ಟೇ. "ಬ್ಯಾಗ್‌ನಲ್ಲಿಟ್ಟು ಮುರಿಯಿತು" ಎನ್ನುವ ಕಥೆ ಕೇಳಿದಾಗ, ಅದು ಮೆತ್ತೆಯಿರುವ ಬ್ಯಾಗೋ ಬರೀ ಕವರೋ ಎಂದು ಕೇಳಿ ನೋಡಿ.

2. ಭಾರ. ಬಸ್ಸಿನ ಡಿಕ್ಕಿಯಲ್ಲಿ ಗಿಟಾರ್ ಮೇಲೆ ಯಾರೋ 25 ಕೆ.ಜಿ. ಅಕ್ಕಿ ಮೂಟೆ ಇಟ್ಟರೆ? ಕಾರಿನ ಹಿಂದೆ ಸೂಟ್‌ಕೇಸ್‌ಗಳ ಅಡಿ ಸಿಕ್ಕಿದರೆ? ಅಕೌಸ್ಟಿಕ್ ಗಿಟಾರ್‌ನ ಮುಂಭಾಗದ ಹಲಗೆಯ ದಪ್ಪ ಸುಮಾರು 3 ಮಿಲಿಮೀಟರ್ ಮಾತ್ರ. ಮೆತ್ತೆ ಎಷ್ಟೇ ದಪ್ಪವಿದ್ದರೂ ಭಾರವನ್ನು ಒಳಕ್ಕೆ ದಾಟಿಸುತ್ತದೆ. ಇಲ್ಲಿ ಗೆಲ್ಲುವುದು ಹಾರ್ಡ್ ಕೇಸ್ ಮಾತ್ರ. ಇದರಲ್ಲಿ ಚರ್ಚೆಯೇ ಇಲ್ಲ.

3. ತೇವ. ಮರ ಗಾಳಿಯಲ್ಲಿನ ತೇವವನ್ನು ಹೀರಿ ಹಿಗ್ಗುತ್ತದೆ, ಒಣಗಿ ಕುಗ್ಗುತ್ತದೆ. ಮಳೆಗಾಲದಲ್ಲಿ ಮನೆಯ ಬಾಗಿಲು ಬಿಗಿಯಾಗುವುದನ್ನು ನೋಡಿದ್ದೀರಲ್ಲ, ಅದೇ. ಗಿಟಾರ್ ತಯಾರಕರು ಸಾಮಾನ್ಯವಾಗಿ ಹೇಳುವುದು 45ರಿಂದ 55 ಶೇಕಡಾ ಆರ್ದ್ರತೆ ಇರಲಿ ಎಂದು. ಚೆನ್ನಾಗಿ ಮುಚ್ಚಿಕೊಳ್ಳುವ ಹಾರ್ಡ್ ಕೇಸ್ ಈ ಏರಿಳಿತವನ್ನು ನಿಧಾನ ಮಾಡುತ್ತದೆ, ನಿಲ್ಲಿಸುವುದಿಲ್ಲ. ಬ್ಯಾಗ್‌ನಲ್ಲಿ ಬದಲಾವಣೆ ಬೇಗ ಆಗುತ್ತದೆ. ಆದರೆ ಇದು ಎಲ್ಲರ ತಲೆನೋವಲ್ಲ. ಕಲಿಯುವವರ ಅಗ್ಗದ ಗಿಟಾರ್‌ಗಳು ಹೆಚ್ಚಾಗಿ ಪ್ಲೈವುಡ್‌ನಂತೆ ಪದರಗಳನ್ನು ಅಂಟಿಸಿ ಮಾಡಿದವು, ಅವು ತೇವಕ್ಕೆ ಅಷ್ಟಾಗಿ ಜಗ್ಗುವುದಿಲ್ಲ. ಒಂದೇ ಹಲಗೆಯಿಂದ ಮಾಡಿದ, ಅಂಗಡಿಯವರು "ಸಾಲಿಡ್ ಟಾಪ್" ಎನ್ನುವ ಗಿಟಾರ್ ಇದ್ದವರು ಇದರ ಬಗ್ಗೆ ಯೋಚಿಸಬೇಕು.

4. ಬಿಸಿ. ಅಮೆರಿಕದ ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕಡು ಬೇಸಿಗೆಯ ದಿನ ಬಿಸಿಲಿನಲ್ಲಿ ನಿಲ್ಲಿಸಿದ ಕಾರುಗಳ ಒಳಗಿನ ಗಾಳಿ ಒಂದು ಗಂಟೆಯಲ್ಲಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್ ಮುಟ್ಟಿತ್ತು, ಡ್ಯಾಶ್‌ಬೋರ್ಡ್ 69 ಡಿಗ್ರಿ. ಗಿಟಾರ್ ಜೋಡಿಸಲು ಬಳಸುವ ಸಾಮಾನ್ಯ ಮರಗೆಲಸದ ಅಂಟುಗಳು 60-65 ಡಿಗ್ರಿಯ ಆಸುಪಾಸಿನಲ್ಲಿ ಹಿಡಿತ ಸಡಿಲಿಸತೊಡಗುತ್ತವೆ. ತಂತಿಗಳ ಎಳೆತ ಮಾತ್ರ ಹಾಗೇ ಇರುತ್ತದೆ. ಬ್ರಿಜ್ ಕಿತ್ತು ಬರುವುದು, ನೆಕ್ ಬಾಗುವುದು ಹೀಗೆ. ಕಲಬುರಗಿ, ರಾಯಚೂರು, ಬಳ್ಳಾರಿಯ ಬೇಸಿಗೆ 40 ಡಿಗ್ರಿ ಮುಟ್ಟುವುದು ಹೊಸದೇನಲ್ಲ. ಅಲ್ಲಿ ಗಾಜು ಏರಿಸಿದ ಕಾರಿನಲ್ಲಿ ಗಿಟಾರ್ ಬಿಟ್ಟು ಊಟಕ್ಕೆ ಹೋದರೆ, ಕೇಸ್ ಯಾವುದೆಂಬ ಪ್ರಶ್ನೆ ಏಳುವುದೇ ಇಲ್ಲ. ಬಿಸಿಲು ನೇರವಾಗಿ ಬಿದ್ದರೆ ಕಪ್ಪು ಹಾರ್ಡ್ ಕೇಸ್ ಇನ್ನಷ್ಟು ಕಾಯುತ್ತದೆ.

ಮೃದಂಗಕ್ಕೆ ಬಟ್ಟೆಯ ಗವಸು, ಪಿಟೀಲಿಗೆ ಪೆಟ್ಟಿಗೆ

ನಮ್ಮ ಕಛೇರಿಗಳಿಗೆ ಬರುವ ಕಲಾವಿದರನ್ನು ಗಮನಿಸಿ. ಮೃದಂಗದವರು ಹೆಚ್ಚಾಗಿ ಬಟ್ಟೆಯ ದಪ್ಪ ಗವಸಿನಲ್ಲಿ ವಾದ್ಯ ತರುತ್ತಾರೆ. ಪಿಟೀಲಿನವರು ಗಟ್ಟಿ ಪೆಟ್ಟಿಗೆಯಲ್ಲಿ. ಮೃದಂಗದ ಒಡಲು ಹಲಸಿನ ಮರದ ಕೊರೆದ ದಿಮ್ಮಿ, ಒತ್ತಡ ತಾಳುತ್ತದೆ. ಪಿಟೀಲಿನದು ಕೆಲವೇ ಮಿಲಿಮೀಟರ್ ದಪ್ಪದ ಹಲಗೆಗಳು. ಆದರೆ ಅದು ಚಿಕ್ಕದು, ಪೆಟ್ಟಿಗೆ ಸೇರಿದರೂ ಒಂದು ಕೈಯಲ್ಲಿ ಸಲೀಸಾಗಿ ಹಿಡಿಯಬಹುದು.

ಗಿಟಾರ್‌ನ ಕಷ್ಟ ಇರುವುದು ಇಲ್ಲಿ. ಹಲಗೆ ಪಿಟೀಲಿನಂತೆ ತೆಳು, ಗಾತ್ರ ಮಾತ್ರ ದೊಡ್ಡದು. ಅಕೌಸ್ಟಿಕ್ ಗಿಟಾರ್ ಸುಮಾರು 2 ಕೆ.ಜಿ. ತೂಗುತ್ತದೆ. ಮರದ ಹಾರ್ಡ್ ಕೇಸ್ ಒಂದೇ 4ರಿಂದ 5 ಕೆ.ಜಿ. ಇರುತ್ತದೆ. ಅಂದರೆ ಕಾಪಾಡುವ ವಸ್ತು, ಕಾಪಾಡಬೇಕಾದ ವಸ್ತುವಿಗಿಂತ ಎರಡು ಪಟ್ಟು ಭಾರ. ಮೆತ್ತೆಯ ಬ್ಯಾಗ್ ಆದರೆ 1ರಿಂದ 2 ಕೆ.ಜಿ.

ಈ ತೂಕವನ್ನು ಫಾರ್ವರ್ಡ್ ಸಂದೇಶಗಳು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಎಂಟನೇ ತರಗತಿಯ ಹುಡುಗಿ ವಾರಕ್ಕೆ ಎರಡು ದಿನ ಬಸ್ ಹತ್ತಿ ಗಿಟಾರ್ ಕ್ಲಾಸಿಗೆ ಹೋಗಬೇಕು. 7 ಕೆ.ಜಿ.ಯ ಪೆಟ್ಟಿಗೆಯನ್ನು ಒಂದೇ ಕೈಯಲ್ಲಿ ಹಿಡಿದು, ಇನ್ನೊಂದು ಕೈಯಲ್ಲಿ ಕಂಬಿ ಹಿಡಿದು ನಿಲ್ಲಬೇಕು. ಎರಡನೇ ತಿಂಗಳಿಗೆ ಏನಾಗುತ್ತದೆ? ಗಿಟಾರ್ ಮನೆಯಲ್ಲೇ ಉಳಿಯುತ್ತದೆ. ಆಮೇಲೆ ಕ್ಲಾಸೂ ನಿಲ್ಲುತ್ತದೆ. ಗಿಟಾರ್ ಮುರಿಯಲಿಲ್ಲ ನಿಜ, ಆದರೆ ಅದನ್ನು ಕೊಂಡ ಉದ್ದೇಶ ಅಲ್ಲಿಗೇ ಮುಗಿಯಿತು. 8 ಸಾವಿರದ ಗಿಟಾರ್‌ಗೆ ಅದರ ಅರ್ಧಕ್ಕಿಂತ ಹೆಚ್ಚು ಬೆಲೆಯ ಕೇಸ್ ಕೊಳ್ಳುವ ಮೊದಲು ಅಪ್ಪ ಅಮ್ಮಂದಿರು ಇದನ್ನೂ ಯೋಚಿಸಬೇಕು.

ಹಾಗಾದರೆ ನಿಮಗೆ ಯಾವುದು?

ಸ್ಕೂಟರ್, ಸಿಟಿ ಬಸ್, ಮೆಟ್ರೋ, ನಡಿಗೆ: ಬೆನ್ನಿಗೆ ಹಾಕುವ ದಪ್ಪ ಮೆತ್ತೆಯ ಬ್ಯಾಗ್. ಸ್ಕೂಟರ್ ಮೇಲೆ ಹಾರ್ಡ್ ಕೇಸ್ ಸಾಗಿಸುವುದು ಗಿಟಾರ್‌ಗಿಂತ ನಿಮಗೇ ಅಪಾಯ. ಬ್ಯಾಗ್ ಹಾಕಿ ಕೂತಾಗ ಅದರ ತಳ ಸೀಟಿಗೆ ತಾಗದಂತೆ ಪಟ್ಟಿ ಬಿಗಿ ಮಾಡಿ. ತಾಗಿದರೆ ಪ್ರತಿ ಹಂಪ್‌ನ ಪೆಟ್ಟೂ ಗಿಟಾರ್‌ನ ಬುಡಕ್ಕೆ ಬೀಳುತ್ತದೆ. ಹೆಡ್‌ಸ್ಟಾಕ್ ನಿಮ್ಮ ತಲೆಗಿಂತ ಮೇಲಿರುತ್ತದೆ ಎನ್ನುವುದನ್ನು ಮರೆಯಬೇಡಿ. ಬಾಗಿಲಿನ ಚೌಕಟ್ಟಿಗೆ ಮೊದಲು ತಾಗುವುದು ಅದೇ.

ಊರಿಂದೂರಿಗೆ ಬಸ್ ಅಥವಾ ರೈಲು: ಗಿಟಾರ್ ನಿಮ್ಮ ಪಕ್ಕದಲ್ಲೇ, ಬರ್ತ್ ಮೇಲೆಯೇ ಇರುವುದಾದರೆ ಬ್ಯಾಗ್ ಸಾಕು. ಡಿಕ್ಕಿಗೆ ಹೋಗುವುದಾದರೆ ಹಾರ್ಡ್ ಕೇಸ್ ಬೇಕು.

ಬ್ಯಾಂಡ್, ಆರ್ಕೆಸ್ಟ್ರಾ, ಟೆಂಪೋದಲ್ಲಿ ಸ್ಪೀಕರ್ ಜೊತೆ ಸಾಗಾಟ: ಹಾರ್ಡ್ ಕೇಸ್, ಎರಡನೇ ಮಾತಿಲ್ಲ. ನಿಮ್ಮ ಗಿಟಾರನ್ನು ನೀವಲ್ಲದವರು ಎತ್ತಿಡುತ್ತಾರೆ ಎಂದಾದರೆ ಈ ನಿಯಮ ಎಲ್ಲ ಕಡೆಗೂ ಅನ್ವಯ.

ಮನೆಯಲ್ಲೇ ಇರುವ ದುಬಾರಿ ಸಾಲಿಡ್ ಗಿಟಾರ್: ಹಾರ್ಡ್ ಕೇಸ್. ತೇವದ ಏರಿಳಿತ ನಿಧಾನವಾಗುತ್ತದೆ, ಮಕ್ಕಳ ಕಾಲಿಗೂ ಸಿಗುವುದಿಲ್ಲ.

ಎರಡರ ನಡುವೆ: ಗಟ್ಟಿ ಫೋಮ್‌ನಿಂದಲೇ ಮಾಡಿ ಮೇಲೆ ಬಟ್ಟೆ ಹೊದಿಸಿದ ಫೋಮ್ ಕೇಸ್‌ಗಳು ಸಿಗುತ್ತವೆ. ಹಗುರ, ಬೆನ್ನಿಗೂ ಹಾಕಬಹುದು, ಸಾಧಾರಣ ಒತ್ತಡವನ್ನೂ ತಾಳುತ್ತವೆ. ಊರಿಗೆ ಆಗಾಗ ಹೋಗಿಬರುವ ವಿದ್ಯಾರ್ಥಿಗಳಿಗೆ ಹೊಂದುತ್ತವೆ. ಮೂಟೆ ಬಿದ್ದರೆ ಮಾತ್ರ ಇದನ್ನೂ ನೆಚ್ಚಲಾಗದು.

ವಿಮಾನದಲ್ಲಿ?

ನಮ್ಮ ದೇಶದೊಳಗಿನ ವಿಮಾನಗಳಲ್ಲಿ ಕ್ಯಾಬಿನ್ ಬ್ಯಾಗ್‌ಗೆ ಸಾಮಾನ್ಯ ಮಿತಿ 7 ಕೆ.ಜಿ., ಅಳತೆ 55, 35, 25 ಸೆಂಟಿಮೀಟರ್. ಗಿಟಾರ್ ಸುಮಾರು 1 ಮೀಟರ್ ಉದ್ದ. ಹಾಗಾಗಿ ಟಿಕೆಟ್ ಮಾಡುವ ಮೊದಲೇ ಆ ಕಂಪನಿಯ ನಿಯಮ ಕೇಳಿಕೊಳ್ಳಿ. ಅಮೆರಿಕದಲ್ಲಿರುವ ಕನ್ನಡಿಗರಿಗೆ ಒಂದು ಅನುಕೂಲವಿದೆ. 2015ರಿಂದ ಜಾರಿಯಲ್ಲಿರುವ ಅಲ್ಲಿನ ನಿಯಮದಂತೆ, ಹತ್ತುವ ಹೊತ್ತಿಗೆ ಮೇಲಿನ ಖಾನೆಯಲ್ಲಿ ಜಾಗವಿದ್ದರೆ ಗಿಟಾರ್‌ನಂಥ ವಾದ್ಯವನ್ನು ಕ್ಯಾಬಿನ್‌ಗೆ ಒಯ್ಯಲು ಅಲ್ಲಿನ ವಿಮಾನ ಕಂಪನಿಗಳು ಬಿಡಬೇಕು. ಬೇಗ ಹತ್ತಿದಷ್ಟೂ ಒಳ್ಳೆಯದು.

ಚೆಕ್-ಇನ್ ಮಾಡಲೇಬೇಕಾದರೆ ಹಾರ್ಡ್ ಕೇಸ್ ಕಡ್ಡಾಯ ಎಂದುಕೊಳ್ಳಿ. ಇಳಿದ ಮೇಲೆ ಲಗೇಜ್ ಬರುವ ಕಡೆಯೇ ನಿಂತು, ತೆರೆದು ನೋಡಿ. ಕೆನಡಾದ ಗಾಯಕ ಡೇವ್ ಕ್ಯಾರೊಲ್ ಅವರ ಟೇಲರ್ ಗಿಟಾರ್ 2008ರಲ್ಲಿ ಯುನೈಟೆಡ್ ಏರ್‌ಲೈನ್ಸ್ ಪ್ರಯಾಣದಲ್ಲಿ ಮುರಿಯಿತು. 24 ಗಂಟೆಯೊಳಗೆ ದೂರು ಕೊಟ್ಟಿಲ್ಲವೆಂದು ಕಂಪನಿ ಪರಿಹಾರ ನಿರಾಕರಿಸಿತು. ತಿಂಗಳುಗಟ್ಟಲೆ ಅಲೆದು ಸಾಕಾಗಿ ಅವರು 2009ರ ಜುಲೈನಲ್ಲಿ ಯೂಟ್ಯೂಬ್‌ಗೆ ಹಾಕಿದ ಹಾಡನ್ನು ಕೋಟಿಗಟ್ಟಲೆ ಜನ ನೋಡಿದರು. ನಮಗೆಲ್ಲ ಹಾಗೆ ಹಾಡು ಕಟ್ಟಲು ಬರುವುದಿಲ್ಲ. ಆದ್ದರಿಂದ ನಿಲ್ದಾಣದಲ್ಲೇ ತೆರೆದು ನೋಡಿ, ಏನಾದರೂ ಆಗಿದ್ದರೆ ಫೋಟೋ ತೆಗೆದು, ಅಲ್ಲೇ ದೂರು ಬರೆದುಕೊಡಿ.

ಇನ್ನೂ ಕೆಲವು ನಂಬಿಕೆಗಳು

"ವಿಮಾನದಲ್ಲಿ ಗಾಳಿಯ ಒತ್ತಡಕ್ಕೆ ತಂತಿ ಕಿತ್ತುಹೋಗುತ್ತದೆ, ಪೂರ್ತಿ ಬಿಚ್ಚಬೇಕು." ತಪ್ಪು. ಪ್ರಯಾಣಿಕರ ಜೆಟ್ ವಿಮಾನಗಳಲ್ಲಿ ಲಗೇಜ್ ಇಡುವ ಜಾಗದಲ್ಲೂ ಕ್ಯಾಬಿನ್‌ನಲ್ಲಿರುವಷ್ಟೇ ಒತ್ತಡವಿರುತ್ತದೆ. ಆದರೆ ತಂತಿಗಳನ್ನು ಒಂದೆರಡು ಸ್ವರ ಇಳಿಸುವುದರಲ್ಲಿ ಅರ್ಥವಿದೆ. ಪೆಟ್ಟು ಬಿದ್ದ ಗಳಿಗೆಯಲ್ಲಿ ಕತ್ತಿನ ಮೇಲಿನ ಎಳೆತ ಅಷ್ಟರಮಟ್ಟಿಗೆ ಕಡಿಮೆಯಾಗಿರುತ್ತದೆ. ದಿನದ ಕ್ಲಾಸಿಗೆ ಹೋಗುವಾಗ ಇದೇನೂ ಬೇಡ.

"ಕೇಸ್ ಒಳಗೆ ಯಾವಾಗಲೂ ಸಿಲಿಕಾ ಜೆಲ್ ಪೊಟ್ಟಣ ಇಡಬೇಕು." ಜುಲೈನಲ್ಲಿ ಮಂಗಳೂರಿನಲ್ಲಿದ್ದರೆ ಸರಿ. ಮಾರ್ಚ್‌ನಲ್ಲಿ ಬೆಂಗಳೂರಿನಲ್ಲೋ ಕಲಬುರಗಿಯಲ್ಲೋ ಇದ್ದರೆ ಅದು ಉಳಿದಿರುವ ತೇವವನ್ನೂ ಹೀರುತ್ತದೆ, ಸಾಲಿಡ್ ಗಿಟಾರ್ ಬಿರುಕು ಬಿಡಲು ದಾರಿ ಮಾಡಿಕೊಡುತ್ತದೆ. ಮೊದಲು ಕೆಲವು ನೂರು ರೂಪಾಯಿಗೆ ಸಿಗುವ ಆರ್ದ್ರತೆಯ ಮೀಟರ್ ಇಟ್ಟು ನೋಡಿ, ಆಮೇಲೆ ಪೊಟ್ಟಣ.

"ಹಾರ್ಡ್ ಕೇಸ್‌ಗೆ ಮಳೆ ಏನೂ ಮಾಡದು." ಸಾಮಾನ್ಯ ಮರದ ಕೇಸ್‌ಗಳ ಮುಚ್ಚಳದ ಸಂದಿಯಲ್ಲಿ ನೀರು ಇಳಿಯುತ್ತದೆ. ನೆನೆದ ಕೇಸ್ ಆಗಲಿ ಬ್ಯಾಗ್ ಆಗಲಿ, ಮನೆಗೆ ಬಂದ ಕೂಡಲೇ ಗಿಟಾರ್ ಹೊರತೆಗೆದು, ಕೇಸನ್ನು ತೆರೆದು ಫ್ಯಾನಿನ ಗಾಳಿಗೆ ಒಣಗಿಸಿ. ಹಾಗೇ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ.

"ಕತ್ತು ಮುರಿದರೆ ಗಿಟಾರ್ ಕಥೆ ಮುಗಿಯಿತು." ಇದೂ ತಪ್ಪು. ಬಿರುಕು ಶುಚಿಯಾಗಿದ್ದರೆ ಮರಗೆಲಸದ ಅಂಟು ಹಾಕಿ, ಕ್ಲಾಂಪ್‌ನಲ್ಲಿ ಬಿಗಿದು ಚೆನ್ನಾಗಿ ಕೂಡಿಸಬಹುದು. ನೀವು ಮಾಡಬೇಕಾದದ್ದು: ತಂತಿ ಸಡಿಲಿಸಿ, ಬಿರುಕನ್ನು ಮತ್ತೆ ಮತ್ತೆ ಆಡಿಸಿ ನೋಡಬೇಡಿ, ಸಿಡಿದ ಮರದ ಚೂರುಗಳನ್ನು ಎತ್ತಿಟ್ಟುಕೊಳ್ಳಿ, ರಿಪೇರಿಯವರ ಹತ್ತಿರ ಒಯ್ಯಿರಿ. ಫೆವಿಕ್ವಿಕ್ ಹಾಕಲೇಬೇಡಿ. ಜೋಡಣೆ ಸರಿಹೊಂದುವ ಮೊದಲೇ ಅದು ಗಟ್ಟಿಯಾಗುತ್ತದೆ. ಆಮೇಲೆ ಅದನ್ನು ಕೆರೆದು ತೆಗೆಯುವುದೇ ದೊಡ್ಡ ಕೆಲಸ.

ಅಂಗಡಿಯಲ್ಲಿ ಎರಡು ನಿಮಿಷದ ಪರೀಕ್ಷೆ

ನಿಮ್ಮ ಗಿಟಾರನ್ನೇ ಒಯ್ಯಿರಿ. "ಎಲ್ಲಾ ಸೈಜಿಗೂ ಆಗುತ್ತೆ ಸರ್" ಎಂಬ ಮಾತಿಗೆ ಒಪ್ಪಬೇಡಿ.

ಹಾರ್ಡ್ ಕೇಸ್ ಆದರೆ ಗಿಟಾರ್ ಇಟ್ಟು ಮುಚ್ಚಿ, ಮೆಲ್ಲಗೆ ಆ ಕಡೆ ಈ ಕಡೆ ಅಲುಗಿಸಿ, ಕಿವಿಗೊಡಿ. ಒಳಗೆ ಸದ್ದಾದರೆ ಅಳತೆ ಸರಿಯಿಲ್ಲ. ನಂತರ ತೆರೆದು ನೋಡಿ: ನೆಕ್ ದಿಂಬಿನ ಮೇಲೆ ಕೂತಿರಬೇಕು, ಹೆಡ್‌ಸ್ಟಾಕ್‌ನ ಹಿಂಬದಿ ತಳಕ್ಕೆ ತಾಗಬಾರದು. ಈಗಾಗಲೇ ಇರುವ ಕೇಸ್ ಸಡಿಲವಿದ್ದರೆ ಎಸೆಯಬೇಕಿಲ್ಲ. ಹಳೆಯ ಟವೆಲ್ ಅಥವಾ ಟೀ ಶರ್ಟ್ ಮಡಚಿ ನೆಕ್ ಕೆಳಗೆ, ಬಾಡಿಯ ಸುತ್ತ, ಹೆಡ್‌ಸ್ಟಾಕ್‌ನ ಆಚೀಚೆ ತುಂಬಿ. ಅಲುಗಾಟ ನಿಲ್ಲುವಷ್ಟು ಸಾಕು, ಮುಚ್ಚಳ ಹಾಕಲು ಒತ್ತಬೇಕಾಗುವಷ್ಟು ಬೇಡ.

ಬ್ಯಾಗ್ ಆದರೆ ಫೋಮನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಒತ್ತಿ. ಬೆರಳುಗಳು ಒಂದಕ್ಕೊಂದು ತಾಗುವಷ್ಟು ಅದುಮಿದರೆ ಅದು ಪ್ರಯೋಜನವಿಲ್ಲ. ಬ್ಯಾಗ್‌ನ ತಳದಲ್ಲಿ ರಬ್ಬರ್ ಅಥವಾ ಹೆಚ್ಚಿನ ಮೆತ್ತೆ ಇದೆಯೇ, ಒಳಗೆ ನೆಕ್ ಹಿಡಿಯುವ ಪಟ್ಟಿ ಇದೆಯೇ, ಜಿಪ್ಪಿನ ಒಳಬದಿ ಮರಕ್ಕೆ ಗೀರದಂತೆ ಬಟ್ಟೆ ಇದೆಯೇ, ಬೆನ್ನಿನ ಪಟ್ಟಿಯ ಹೊಲಿಗೆ ಗಟ್ಟಿಯೇ ನೋಡಿ. ಆ ಹೊಲಿಗೆ ಬಿಟ್ಟರೆ ಗಿಟಾರ್ ಬೀಳುತ್ತದೆ.

ಈ ಸಂದೇಶ ಇಷ್ಟು ಬೇಗ ಯಾಕೆ ಹರಡುತ್ತದೆ?

ಗಟ್ಟಿಯಾದದ್ದು ಭದ್ರ ಎಂಬುದು ನೋಡಿದ ಕೂಡಲೇ ನಿಜವೆನಿಸುತ್ತದೆ. ಬೆಲೆಯೂ ಹೆಚ್ಚು, ಹಾಗಾಗಿ ಒಳ್ಳೆಯದೇ ಇರಬೇಕು ಎನಿಸುತ್ತದೆ. ಕಳಿಸಿದವರು ನಮ್ಮವರು, ನಮ್ಮ ಒಳ್ಳೆಯದಕ್ಕೇ ಕಳಿಸಿದ್ದಾರೆ. ನಮ್ಮ ಗುಂಪಿನಲ್ಲಿ ಆ ಸಂದೇಶ ಹಾಕಿದವರಿಗೂ ಕೆಟ್ಟ ಉದ್ದೇಶವಿರಲಿಲ್ಲ. ಅದರಲ್ಲಿ ಇಲ್ಲದಿದ್ದದ್ದು "ಯಾವಾಗ" ಮತ್ತು "ಯಾರಿಗೆ" ಎಂಬ ಎರಡು ಪದಗಳು. ವಸ್ತುವಾಗಲಿ ಔಷಧಿಯಾಗಲಿ, ಯಾವುದೇ ಸಲಹೆಯನ್ನು ಮುಂದಕ್ಕೆ ಕಳಿಸುವ ಮೊದಲು ಆ ಎರಡು ಪದಗಳಿವೆಯೇ ಎಂದು ನೋಡುವುದು ಒಳ್ಳೆಯ ಅಭ್ಯಾಸ.

ತಮ್ಮನ ಗಿಟಾರ್ ಹತ್ತು ದಿನದಲ್ಲಿ ರಿಪೇರಿಯಾಗಿ ಬಂತು. ಕತ್ತಿನ ಹಿಂದೆ ಒಂದು ಸಣ್ಣ ಗೆರೆ ಉಳಿದಿದೆ, ದನಿಗೆ ಏನೂ ಆಗಿಲ್ಲ. ಕಾಲೇಜಿಗೆ ಈಗ ಮೆತ್ತೆಯ ಬ್ಯಾಗ್‌ನಲ್ಲಿ ಒಯ್ಯುತ್ತಾನೆ. ಹಬ್ಬಕ್ಕೆ ಊರಿಗೆ ಹೋಗುವಾಗ ಅದೇ ಹಳೆಯ ಹಾರ್ಡ್ ಕೇಸ್, ಒಳಗೆ ಚಿಕ್ಕಮ್ಮನ ಎರಡು ಹಳೆಯ ಟವೆಲ್. ಬಸ್ ನಿಲ್ದಾಣದಲ್ಲಿ ಅದನ್ನು ಮಲಗಿಸಿಯೇ ಟೀ ಕುಡಿಯುತ್ತಾನಂತೆ.

ಗುಂಪಿಗೆ ಕಳಿಸುವುದಾದರೆ ಇದನ್ನು ಕಳಿಸಿ:

ನೀವೇ ಹೊತ್ತು ಸಾಗುವುದಾದರೆ ದಪ್ಪ ಮೆತ್ತೆಯ ಬ್ಯಾಗ್. ಬೇರೆಯವರು ಎತ್ತಿಡುವುದಾದರೆ, ಮೇಲೆ ಭಾರ ಬೀಳುವುದಾದರೆ ಹಾರ್ಡ್ ಕೇಸ್. ಯಾವುದೇ ಇರಲಿ, ಒಳಗೆ ಗಿಟಾರ್ ಅಲುಗಬಾರದು. ಒರಗಿಸಿ ನಿಲ್ಲಿಸಬೇಡಿ, ಮಲಗಿಸಿ. ಬಿಸಿಲಿನಲ್ಲಿ ನಿಂತ ಕಾರಿನಲ್ಲಿ ಬಿಡಬೇಡಿ.